ನಿಮಗಿದು ಗೊತ್ತೇ? ದಾಳದ ಮೋಸಕ್ಕೆ ‘ಕೈತವ’ ಎಂದು ಹೆಸರು

◆ ಹಳೆಯ ಕಾವ್ಯಗಳಲ್ಲಿ ‘ಕೈತವ’ ಎಂಬ ಮಾತು ಬಂದರೆ ಟಿಪ್ಪಣಿಯಲ್ಲಿ ‘ಕಪಟ, ಮೋಸ’ ಎಂದಷ್ಟೇ ಇರುತ್ತದೆ. ಎಂಥ ಮೋಸ? ಮೂಲದಲ್ಲಿ ಅದು ಜೂಜಿನ ಮೋಸ. ಸಂಸ್ಕೃತದಲ್ಲಿ ಜೂಜುಗಾರನಿಗೆ ‘ಕಿತವ’ ಎಂದು ಹೆಸರು. ಶಿವನಿಗೆ ಸೇರಿದ್ದು ಶೈವವಾದ ಹಾಗೆ ಕಿತವನಿಗೆ ಸೇರಿದ್ದು ಕೈತವ. ಕನ್ನಡದ ಕಿವಿಗೆ ಈ ಪದದಲ್ಲಿ ‘ಕೈ’ ಕೇಳಿಸುತ್ತದೆ, ಕೈಚಳಕಕ್ಕೂ ಇದಕ್ಕೂ ನಂಟಿರಬೇಕು ಅನ್ನಿಸುತ್ತದೆ. ನಂಟೇನೂ ಇಲ್ಲ. ಅದು ‘ಕಿ’ಗೆ ವೃದ್ಧಿ ಬಂದು ಆದ ‘ಕೈ’.

◆ ಅಮರಸಿಂಹನ ಸಂಸ್ಕೃತ ನಿಘಂಟಾದ ಅಮರಕೋಶದಲ್ಲಿ ಕೈತವ ಎರಡು ಕಡೆ ಸಿಗುತ್ತದೆ. ನಾಟ್ಯವರ್ಗದಲ್ಲಿ ಕಪಟ, ವ್ಯಾಜ, ದಂಭ, ಉಪಧಿ, ಛದ್ಮ, ನಿಕೃತಿ, ಶಾಠ್ಯ ಇವುಗಳ ಸಾಲಿನಲ್ಲಿ ಒಮ್ಮೆ. ಶೂದ್ರವರ್ಗದಲ್ಲಿ ದ್ಯೂತ, ಅಕ್ಷವತೀ, ಪಣ ಇವುಗಳ ಜೊತೆ ಇನ್ನೊಮ್ಮೆ. ಅಂದರೆ ಮೋಸಕ್ಕೂ ಕೈತವವೇ, ಜೂಜಿಗೂ ಕೈತವವೇ. ಆಟ ಬೇರೆ, ಆಟದಲ್ಲಿ ನಡೆಯುವ ಮೋಸ ಬೇರೆ ಎಂದು ಇಂದಿನ ನಾವು ಗೆರೆ ಎಳೆಯುತ್ತೇವೆ. ಅಮರಸಿಂಹನ ಭಾಷೆಯಲ್ಲಿ ಆ ಗೆರೆ ಇರಲಿಲ್ಲ. ಈ ಪದದ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದೇ ಇಲ್ಲಿಂದ.

◆ ‘ಧೂರ್ತ’ ಎಂದು ಯಾರನ್ನಾದರೂ ಬೈದರೆ ನೀವು ಅವರನ್ನು ಜೂಜುಗಾರ ಎಂದೂ ಕರೆದಂತೆ! ಅಮರಕೋಶದ ಪ್ರಕಾರ ಧೂರ್ತ, ಅಕ್ಷದೇವಿ, ಕಿತವ, ಅಕ್ಷಧೂರ್ತ, ದ್ಯೂತಕೃತ್ ಐದೂ ಒಬ್ಬನ ಹೆಸರುಗಳೇ.

◆ ಕಿತವ ಎಂಬ ಪದ ಹುಟ್ಟಿದ್ದು ಹೇಗೆ? ನಿರುಕ್ತ ಬರೆದ ಯಾಸ್ಕನಿಗೂ ಈ ಪ್ರಶ್ನೆ ಬಂದಿತ್ತು. ಅವನ ಉತ್ತರ ಸೊಗಸಾಗಿದೆ. ಜೂಜಿನ ಜಾಗದಲ್ಲಿ ಆಟಕ್ಕೆ ಕೂತವನನ್ನು ಉಳಿದವರು ‘ಕಿಂ ತವ?’ ಎಂದು ಕೇಳುತ್ತಾರೆ, ‘ನಿನ್ನ ಹತ್ತಿರ ಏನಿದೆ?’ ಎಂದು. ಪಣಕ್ಕೆ ಏನಿಡುತ್ತೀ ಎಂಬ ಆ ಕೂಗೇ ಕೇಳಿಸಿಕೊಂಡವನ ಹೆಸರಾಯಿತಂತೆ. ಗೆಲುವಿನ ಎಸೆತವಾದ ‘ಕೃತ’ದಿಂದ ಬಂದಿರಬಹುದು ಎಂಬ ಇನ್ನೊಂದು ದಾರಿಯನ್ನೂ ಯಾಸ್ಕ ತೋರಿಸುತ್ತಾನೆ. ಇಂದಿನ ಭಾಷಾವಿಜ್ಞಾನಿಗಳು ಇವೆರಡನ್ನೂ ಒಪ್ಪುವುದಿಲ್ಲ, ಪದದ ಮೂಲ ಇನ್ನೂ ತೀರ್ಮಾನವಾಗಿಲ್ಲ. ವ್ಯುತ್ಪತ್ತಿಯಾಗಿ ಯಾಸ್ಕನ ಮಾತು ನಿಲ್ಲದೇ ಹೋದರೂ ಅದನ್ನು ಕೈಬಿಡಲು ನನಗೆ ಮನಸ್ಸಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ ಜೂಜುಕಟ್ಟೆಯ ಗದ್ದಲದ ಒಂದು ದನಿ ಅದರಲ್ಲಿ ಉಳಿದುಕೊಂಡಿದೆ.

◆ ಋಗ್ವೇದದಲ್ಲಿ ಜೂಜುಗಾರನಿಗೆ ‘ಶ್ವಘ್ನೀ’ ಎಂಬ ಹೆಸರೂ ಉಂಟು. ನೋಡಿದರೆ ‘ನಾಯಿ ಕೊಲ್ಲುವವನು’ ಎಂದಿದೆ! ಯಾಸ್ಕ ಇದನ್ನು ‘ಸ್ವ’ವನ್ನು, ಎಂದರೆ ಸ್ವತ್ತನ್ನು, ಹಾಳುಮಾಡುವವನು ಎಂದು ಬಿಡಿಸುತ್ತಾನೆ.

◆ ದಾಳದ ಮೋಸದ ಬಗ್ಗೆ ನಮ್ಮಲ್ಲಿ ಸಿಗುವ ಅತಿ ಹಳೆಯ ಮಾತುಗಳಲ್ಲಿ ಒಂದು ಇರುವುದು ಒಂದು ಕ್ಷಮಾಯಾಚನೆಯಲ್ಲಿ. ಋಗ್ವೇದದ 5ನೇ ಮಂಡಲದ 85ನೇ ಸೂಕ್ತ ವರುಣನಿಗೆ ಸಲ್ಲಿಸಿದ್ದು. ಅದರ ಕೊನೆಯ ಋಕ್ಕಿನಲ್ಲಿ ಭಕ್ತ ಕೇಳಿಕೊಳ್ಳುತ್ತಾನೆ: ಆಟದಲ್ಲಿ ಕಿತವರು ಮೋಸ ಮಾಡುವ ಹಾಗೆ ನಾವು ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಅದನ್ನು ನಮ್ಮಿಂದ ಬಿಡಿಸು. ಪಾಪವೆಂದರೆ ಏನು ಎಂದು ಹೇಳಲು ಋಷಿಗೆ ಹೊಳೆದದ್ದು ಕೊಲೆಯಲ್ಲ, ಕಳವೂ ಅಲ್ಲ, ದಾಳದ ಮೋಸ.

◆ ಅದೇ ಋಗ್ವೇದದ 10ನೇ ಮಂಡಲದ 34ನೇ ಸೂಕ್ತವಂತೂ ಇಡಿಯಾಗಿ ಒಬ್ಬ ಕಿತವನ ಗೋಳು. ಹದಿನಾಲ್ಕು ಋಕ್ಕುಗಳು. ದೇವರ ಸ್ತುತಿಯೇ ತುಂಬಿರುವ ಗ್ರಂಥದಲ್ಲಿ ಸೋತು ಬೀದಿಗೆ ಬಂದ ಮನುಷ್ಯನ ಮಾತು ಇಷ್ಟು ನೇರವಾಗಿ ಸಿಗುವುದು ಅಪರೂಪ. ಹೆಂಡತಿ ಅವನನ್ನು ಎಂದೂ ಬೈದವಳಲ್ಲ, ಅವಳನ್ನು ಅವನೇ ದೂರ ಮಾಡಿಕೊಂಡಿದ್ದಾನೆ. ಅತ್ತೆಗೆ ಅವನ ಮುಖ ಕಂಡರಾಗದು. ಅಪ್ಪ, ಅಮ್ಮ, ಅಣ್ಣತಮ್ಮಂದಿರು ‘ಇವನು ಯಾರೋ ಗೊತ್ತಿಲ್ಲ, ಕಟ್ಟಿಕೊಂಡು ಹೋಗಿ’ ಎನ್ನುತ್ತಾರೆ. ಇನ್ನು ಆಡುವುದಿಲ್ಲ ಎಂದು ಅವನು ನಿಶ್ಚಯ ಮಾಡುತ್ತಾನೆ. ಅಷ್ಟರಲ್ಲಿ ದಾಳಗಳ ಸದ್ದು ಕಿವಿಗೆ ಬೀಳುತ್ತದೆ, ಎದ್ದು ಹೋಗುತ್ತಾನೆ. ಕೊನೆಗೆ ಸವಿತೃ ಹೇಳುವ ಬುದ್ಧಿ ಒಂದೇ: ದಾಳ ಬಿಡು, ಹೊಲ ಉಳು.

ಗಮನಿಸಬೇಕಾದದ್ದು ಏನೆಂದರೆ, ತನಗೆ ಯಾರೋ ಮೋಸ ಮಾಡಿದರು ಎಂದು ಅವನು ಎಲ್ಲೂ ದೂರುವುದಿಲ್ಲ. ಮೋಸ ಮಾಡುವುದು ದಾಳಗಳೇ. ಅವಕ್ಕೆ ಕೈಯಿಲ್ಲ, ಆದರೂ ಕೈಯಿದ್ದವನನ್ನು ಸೋಲಿಸುತ್ತವೆ. ಮುಟ್ಟಿದರೆ ತಣ್ಣಗಿರುತ್ತವೆ, ಎದೆಯನ್ನು ಮಾತ್ರ ಸುಡುತ್ತವೆ.

◆ ಆ ದಾಳಗಳು ಯಾವುದರಿಂದ ಆದವು ಗೊತ್ತೇ? ನಿಮ್ಮ ಮನೆಯಲ್ಲಿ ತ್ರಿಫಲ ಚೂರ್ಣವಿದ್ದರೆ ಅದರ ಮೂರರಲ್ಲಿ ಒಂದು ಪಾಲು ಅದೇ! ಅಳಲೆ, ನೆಲ್ಲಿ, ತಾರೆ. ಸಂಸ್ಕೃತದ ವಿಭೀತಕವೇ ನಮ್ಮ ತಾರೆ ಮರ, ಪಶ್ಚಿಮಘಟ್ಟದ ಕಾಡಿನಲ್ಲಿ ಧಾರಾಳವಾಗಿದೆ. ಗ್ರಂದಿಗೆ ಅಂಗಡಿಯಲ್ಲಿ ಒಂದು ತಾರೆಕಾಯಿ ಕೇಳಿ ಅಂಗೈಯಲ್ಲಿಟ್ಟುಕೊಂಡು ನೋಡಿ. ಅಡಿಕೆಗಿಂತ ಸ್ವಲ್ಪ ದೊಡ್ಡದು, ಬೂದುಗಂದು ಬಣ್ಣ, ಹೊರಗೆ ಮಖಮಲ್ಲಿನಂಥ ನುಣುಪು, ಒಣಗಿದಾಗ ಮಸುಕಾಗಿ ಕಾಣುವ ಐದು ಏಣುಗಳು. ಆರು ಮುಖವೂ ಇಲ್ಲ, ಚುಕ್ಕೆಯೂ ಇಲ್ಲ. ಇದರಲ್ಲಿ ‘ಆರು ಬಿತ್ತು’ ಎನ್ನುವುದು ಹೇಗೆ?

ಆ ಆಟವೇ ಬೇರೆ. ಜರ್ಮನ್ ವಿದ್ವಾಂಸ ಹೈನ್‌ರಿಶ್ ಲ್ಯೂಡರ್ಸ್ 1907ರಲ್ಲಿ ಪ್ರಾಚೀನ ಭಾರತದ ದ್ಯೂತದ ಮೇಲೆ ಒಂದು ಪುಸ್ತಕವನ್ನೇ ಬರೆದ. ಅಲ್ಲಿಂದೀಚೆಗೆ ಸಾಮಾನ್ಯವಾಗಿ ಒಪ್ಪಿರುವ ಚಿತ್ರ ಹೀಗಿದೆ: ನೆಲದಲ್ಲಿ ತಗ್ಗು, ಅದರಲ್ಲಿ ಕಾಯಿಗಳ ರಾಶಿ. ರಾಶಿಯಿಂದ ತೆಗೆದ ಕಾಯಿಗಳನ್ನು ನಾಲ್ಕು ನಾಲ್ಕಾಗಿ ಎಣಿಸುವುದು. ಏನೂ ಉಳಿಯದಿದ್ದರೆ ‘ಕೃತ’, ಅದೇ ಗೆಲುವು. ಮೂರು ಉಳಿದರೆ ತ್ರೇತಾ, ಎರಡು ಉಳಿದರೆ ದ್ವಾಪರ, ಒಂದೇ ಉಳಿದರೆ ಕಲಿ, ಸೋಲು. ನಾಲ್ಕು ಯುಗಗಳ ಹೆಸರು ಬಂದದ್ದು ಈ ಲೆಕ್ಕದಿಂದ. ಕಲಿಯುಗ ಎನ್ನುವಾಗ ನಾವು ಆಡುತ್ತಿರುವುದು ಸೋತ ಎಸೆತದ ಹೆಸರನ್ನು. ಛಾಂದೋಗ್ಯ ಉಪನಿಷತ್ತೂ ಈ ಆಟವನ್ನು ಬಲ್ಲದು. ಕೃತ ಗೆದ್ದವನಿಗೆ ಕೆಳಗಿನ ಎಸೆತಗಳೆಲ್ಲ ಸಂದ ಹಾಗೆ, ಜನ ಮಾಡುವ ಒಳ್ಳೆಯದೆಲ್ಲ ಗಾಡಿಯ ರೈಕ್ವನೆಂಬ ಜ್ಞಾನಿಗೆ ಸಲ್ಲುತ್ತದೆ ಎಂದು ಅಲ್ಲೊಂದು ಮಾತಿದೆ.

◆ ಕಾಯಿಗೆ ಸೀಸ ತುಂಬಿ ಪ್ರಯೋಜನವಿಲ್ಲದ ಆಟದಲ್ಲಿ ಮೋಸಗಾರನಿಗೆ ಬೇಕಾದದ್ದೇನು? ಕಣ್ಣು. ರಾಶಿಯನ್ನು ಕಂಡೊಡನೆ ಎಷ್ಟಿವೆ ಎಂದು ಹೇಳಬಲ್ಲ ಕಣ್ಣು. ಮಹಾಭಾರತದ ನಳೋಪಾಖ್ಯಾನ ಇದನ್ನು ‘ಅಕ್ಷಹೃದಯ’ ಎಂದು ಕರೆಯುತ್ತದೆ. ರಥ ಓಡುತ್ತಿರುವಾಗಲೇ ಅರಸ ಋತುಪರ್ಣ ಒಂದು ತಾರೆ ಮರವನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ 2095 ಹಣ್ಣುಗಳಿವೆ ಎಂದು ಹೇಳಿಬಿಡುತ್ತಾನೆ. ಅವನ ಸಾರಥಿಯಾಗಿದ್ದ ನಳ ನಂಬುವುದಿಲ್ಲ. ರಥ ನಿಲ್ಲಿಸಿ ಇಳಿದು ಎಣಿಸುತ್ತಾನೆ. ಲೆಕ್ಕ ಸರಿಯಾಗಿರುತ್ತದೆ. ಕುದುರೆಯ ವಿದ್ಯೆಗೆ ಬದಲಾಗಿ ಆ ವಿದ್ಯೆಯನ್ನು ಪಡೆದ ಕೂಡಲೇ, ನಳನ ಮೈಹೊಕ್ಕು ಕಾಡುತ್ತಿದ್ದ ಕಲಿಪುರುಷ ಹೊರಬಂದು ಆ ತಾರೆ ಮರವನ್ನೇ ಹೊಕ್ಕನಂತೆ. ಅಮರಕೋಶದಲ್ಲಿ ಈ ಮರಕ್ಕೆ ‘ಅಕ್ಷ’ ಎಂದೂ ‘ಕಲಿದ್ರುಮ’ ಎಂದೂ ಹೆಸರಿದೆ.

ತತ್ತ್ವಶಾಸ್ತ್ರಜ್ಞ ಇಯಾನ್ ಹ್ಯಾಕಿಂಗ್ ಸಂಭವನೀಯತೆಯ ಗಣಿತ ಹುಟ್ಟಿದ ಬಗೆಯನ್ನು ಕುರಿತು 1975ರಲ್ಲಿ ಬರೆದ ಪುಸ್ತಕದಲ್ಲಿ ಈ ಕತೆಯನ್ನು ಎತ್ತಿಕೊಂಡಿದ್ದಾನೆ. ದಾಳದ ವಿದ್ಯೆಗೂ ಮರದ ಹಣ್ಣನ್ನು ಅಂದಾಜು ಮಾಡುವುದಕ್ಕೂ ನಂಟಿದೆ ಎಂದು ಈ ಕತೆ ಕಟ್ಟಿದವರಿಗೆ ತಿಳಿದಿತ್ತು ಎಂಬುದೇ ಅವನ ಅಚ್ಚರಿ. ಯುರೋಪಿನಲ್ಲಿ ದಾಳದ ಗಣಿತವನ್ನು ಮೊದಮೊದಲು ಬರೆದವರಲ್ಲಿ ಒಬ್ಬ ಇಟಲಿಯ ವೈದ್ಯ ಕಾರ್ಡಾನೊ. ಅವನು ಸತ್ತದ್ದು 1576ರಲ್ಲಿ, ಪುಸ್ತಕ ಅಚ್ಚಾದದ್ದು 1663ರಲ್ಲಿ. ಅವನೂ ಗಣಿತದ ಜೊತೆಗೆ ಆಟದ ಮೋಸಗಳ ಬಗ್ಗೆ ಬರೆದಿದ್ದಾನೆ.

◆ ಇಡೀ ದಿನ ಜೂಜುಕಟ್ಟೆಯಲ್ಲೇ ಕೂತಿರುವವನಿಗೆ ಶುಕ್ಲ ಯಜುರ್ವೇದದಲ್ಲಿ ಒಂದು ಹೆಸರಿದೆ: ‘ಸಭಾಸ್ಥಾಣು’. ಸಭೆಯ ಕಂಬ.

◆ ಶಕುನಿಯ ದಾಳಗಳು ಅವನ ತಂದೆಯ ಮೂಳೆಯಿಂದ ಆದವು ಎಂದು ನಾವೆಲ್ಲ ಕೇಳಿಯೇ ಬೆಳೆದವರು. ವ್ಯಾಸಭಾರತದ ಸಭಾಪರ್ವದಲ್ಲಿ ಈ ಕತೆ ಇಲ್ಲ, ಅದು ಜನಪದರ ಸೃಷ್ಟಿ. ಇನ್ನೂ ಕುತೂಹಲದ ಸಂಗತಿಯೆಂದರೆ, ಶಕುನಿ ಮೋಸ ಮಾಡಿದ್ದು ಹೇಗೆ ಎಂದು ವ್ಯಾಸರು ಹೇಳುವುದೇ ಇಲ್ಲ. ಯುಧಿಷ್ಠಿರ ಪಣವನ್ನು ಹೇಳುತ್ತಾನೆ, ಶಕುನಿ ‘ನಿಕೃತಿ’ಯನ್ನು ಆಶ್ರಯಿಸಿ ‘ಗೆದ್ದೆ’ ಎನ್ನುತ್ತಾನೆ. ಮತ್ತೆ ಪಣ, ಮತ್ತೆ ‘ಗೆದ್ದೆ’. ದಾಳ ಎಷ್ಟು ಬಿತ್ತು, ಹೇಗೆ ಉರುಳಿತು, ಯಾರು ಎಣಿಸಿದರು, ಒಂದೂ ಇಲ್ಲ. ನಿಕೃತಿ ಎಂದರೆ ಅಮರಕೋಶದಲ್ಲಿ ಕೈತವದ ಸಾಲಿನಲ್ಲೇ ಇರುವ ಪದ. ಮೂಳೆಯ ದಾಳದ ಕತೆ ಹುಟ್ಟಿದ್ದು ಈ ಖಾಲಿ ಜಾಗವನ್ನು ತುಂಬಲಿಕ್ಕೇ ಇರಬೇಕು ಎಂದು ನನ್ನ ಊಹೆ. ಅಷ್ಟು ದೊಡ್ಡ ಅನ್ಯಾಯ ನಡೆದಾಗ ಅದರ ಬಗೆ ಗೊತ್ತಾಗದೆ ಕೇಳುಗರಿಗೆ ಸಮಾಧಾನವಾಗುವುದಿಲ್ಲ.

◆ ಶಕುನಿಯ ಮಗ ಉಲೂಕ. ಯುದ್ಧಕ್ಕೆ ಮೊದಲು ದುರ್ಯೋಧನನ ದೂತನಾಗಿ ಪಾಂಡವರ ಪಾಳೆಯಕ್ಕೆ ಹೋಗುವವನು ಅವನೇ. ಉದ್ಯೋಗಪರ್ವ ಅವನನ್ನು ‘ಕೈತವ್ಯ’ ಎಂದು ಕರೆಯುತ್ತದೆ, ಕಿತವನ ಮಗ ಎಂದು. ಕುಂತಿಯ ಮಗ ಕೌಂತೇಯ, ರಾಧೆಯ ಮಗ ರಾಧೇಯ, ಜೂಜುಗಾರನ ಮಗ ಕೈತವ್ಯ. ಆಡಿದವನು ಅಪ್ಪ, ಹೆಸರು ಹೊತ್ತವನು ಮಗ.

◆ ಧರ್ಮರಾಯ ‘ಆಡುವುದಿಲ್ಲ’ ಎನ್ನಬಹುದಿತ್ತಲ್ಲ ಎಂದು ಪ್ರತಿ ಓದುಗನೂ ಕೇಳುತ್ತಾನೆ. ಮಹಾಭಾರತದ ಮೊದಲ ಐದು ಪರ್ವಗಳನ್ನು ಇಂಗ್ಲಿಷಿಗೆ ತಂದ ವಾನ್ ಬೈಟನೆನ್ ಇದಕ್ಕೆ ಯಜ್ಞವಿಧಿಯಲ್ಲಿ ಉತ್ತರ ಹುಡುಕಿದ. ರಾಜಸೂಯದಲ್ಲಿ ಅಭಿಷಿಕ್ತನಾದ ಅರಸನ ಕೈಗೆ ಐದು ದಾಳಗಳನ್ನು ಕೊಡುವ ವಿಧಿ ಇದೆ, ದಾಳದಾಟವೂ ಆ ಯಾಗದ ಒಂದು ಅಂಗ. ಯುಧಿಷ್ಠಿರ ಆಗಷ್ಟೇ ರಾಜಸೂಯ ಮುಗಿಸಿದ್ದ. ಅವನು ಆಡಲೇಬೇಕಿತ್ತು ಎಂಬುದು ಬೈಟನೆನ್ ವಾದ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆದರೆ ಯಾಗದಲ್ಲಿ ಆಟ ಅರಸನೇ ಗೆಲ್ಲುವಂತೆ ನಡೆಯುತ್ತದೆ, ಇಲ್ಲಿ ಅದು ತಿರುವುಮುರುವಾಯಿತು ಎಂದುಕೊಂಡು ಸಭಾಪರ್ವವನ್ನು ಮತ್ತೊಮ್ಮೆ ಓದಿದರೆ ಇಡೀ ಪ್ರಸಂಗದ ಬಣ್ಣವೇ ಬದಲಾಗುತ್ತದೆ.

◆ ಜೂಜಿಗೆ ಸರಕಾರಿ ಅಧಿಕಾರಿ! ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ದ್ಯೂತಾಧ್ಯಕ್ಷ’ ಎಂಬವನಿದ್ದಾನೆ. ಜೂಜು ಒಂದೇ ಜಾಗದಲ್ಲಿ ನಡೆಯಬೇಕು, ಬೇರೆಲ್ಲಾದರೂ ಆಡಿದರೆ 12 ಪಣ (ಅಂದಿನ ನಾಣ್ಯ) ದಂಡ. ಕಾರಣವನ್ನೂ ಕೌಟಿಲ್ಯ ಕೊಡುತ್ತಾನೆ: ಗುಟ್ಟಾಗಿ ಬದುಕುವ ಕಳ್ಳಕಾಕರು ಕಣ್ಣಿಗೆ ಬೀಳಲಿ ಎಂದು. ಕಲಬೆರಕೆಯಿಲ್ಲದ ಕವಡೆ, ದಾಳಗಳನ್ನು ಅಧ್ಯಕ್ಷನೇ ಇಡಬೇಕು. ಅವುಗಳ ಬಾಡಿಗೆಯೂ ಗೆದ್ದದ್ದರಲ್ಲಿ ನೂರಕ್ಕೆ ಐದು ಪಾಲೂ ಅವನಿಗೆ. ಇಟ್ಟ ದಾಳವನ್ನು ಯಾರಾದರೂ ಬದಲಿಸಿದರೆ 12 ಪಣ. ಕೂಟಕರ್ಮ, ಎಂದರೆ ಕಳ್ಳಾಟ, ಆಡಿದರೆ ‘ಪೂರ್ವಸಾಹಸ’ ಎಂಬ ಮೊದಲ ಹಂತದ ದಂಡ, ಜೊತೆಗೆ ಗೆದ್ದದ್ದೆಲ್ಲ ವಾಪಸು. ಕಿತವರು ಬಹುಮಟ್ಟಿಗೆ ಕಳ್ಳಾಟದವರೇ ಎಂದು ಅವನು ಅಲ್ಲೇ ಬರೆದುಬಿಡುತ್ತಾನೆ. ಅಮರಕೋಶದ ಸಾಲುಗಳು ನಿಘಂಟಿನ ಭಾಷೆಯಲ್ಲಿ ಹೇಳಿದ್ದನ್ನೇ ಇವನು ಆಡಳಿತದ ಭಾಷೆಯಲ್ಲಿ ಹೇಳಿದ್ದಾನೆ.

ಈ ವಿವರಗಳೆಲ್ಲ ಜಗತ್ತಿಗೆ ತಿಳಿದದ್ದು ಮೈಸೂರಿನಿಂದ. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಅರ್ಥಶಾಸ್ತ್ರದ ಓಲೆಪ್ರತಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂತು. ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು, 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಬಂತು.

◆ ಕಳ್ಳದಾಳದಿಂದ ಆಡಿದವನಿಗೆ ಏನು ಶಿಕ್ಷೆ? ಯಾಜ್ಞವಲ್ಕ್ಯಸ್ಮೃತಿ ಹೇಳುವುದು: ಮೈಮೇಲೆ ಗುರುತು ಹಾಕಿ ನಾಡಿನಿಂದ ಓಡಿಸಬೇಕು. ಎಂಥ ಗುರುತು? ನಾಯಿಯ ಹೆಜ್ಜೆಯಂಥದ್ದು ಎನ್ನುತ್ತದೆ ಅದರ ವ್ಯಾಖ್ಯಾನವಾದ ಮಿತಾಕ್ಷರಾ. ಅದನ್ನು ಬರೆದ ವಿಜ್ಞಾನೇಶ್ವರ ಇದ್ದದ್ದು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಇಂದಿನ ನಮ್ಮ ಬಸವಕಲ್ಯಾಣವೇ ಅದು. ಮೋಸ ಎಂದರೆ ದಾಳದ ಮೋಸವೊಂದೇ ಅಲ್ಲ, ಮಣಿ, ಮಂತ್ರ, ಔಷಧಗಳಿಂದ ಎದುರಾಳಿಯ ಬುದ್ಧಿ ಕೆಡಿಸುವುದೂ ಮೋಸವೇ ಎಂದು ವಿಜ್ಞಾನೇಶ್ವರ ಸೇರಿಸುತ್ತಾನೆ. ನಾರದಸ್ಮೃತಿಯ ಶಿಕ್ಷೆ ಇನ್ನೊಂದು ಬಗೆ: ಕೊರಳಿಗೆ ದಾಳಗಳ ಮಾಲೆ ಹಾಕಿ ಊರಾಚೆ ಅಟ್ಟುವುದು.

◆ ಔಷಧ ಎಂದಾಗ ನೆನಪಾಯಿತು. ಬೇಲಿಸಾಲಿನಲ್ಲಿ ಬಿಳಿಯ ತುತ್ತೂರಿ ಹೂವು ಬಿಟ್ಟುಕೊಂಡು, ಮುಳ್ಳುಗಾಯಿ ತೂಗಿಕೊಂಡು ನಿಂತಿರುವ ದತ್ತೂರಿ ಗಿಡ ಎಲ್ಲರಿಗೂ ಗೊತ್ತು. ಶಿವನಿಗೆ ಏರಿಸುವ ಹೂವು ಅದು. ಅಮರಕೋಶ ಅದಕ್ಕೆ ಕೊಡುವ ಹೆಸರುಗಳನ್ನು ನೋಡಿ: ಉನ್ಮತ್ತ, ಕಿತವ, ಧೂರ್ತ, ಧತ್ತೂರ... ಜೂಜುಗಾರನ ಎರಡು ಹೆಸರುಗಳು ಗಿಡಕ್ಕೂ ಬಂದಿವೆ! ಬೀಜ ತಿಂದವನಿಗೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಬಾಯಿ ಒಣಗುತ್ತದೆ, ಇಲ್ಲದ್ದು ಕಾಣತೊಡಗುತ್ತದೆ. ದಾರಿಹೋಕರಿಗೆ ಇದನ್ನು ತಿನ್ನಿಸಿ ದೋಚುತ್ತಿದ್ದವರ ಪ್ರಕರಣಗಳು 19ನೇ ಶತಮಾನದ ಬ್ರಿಟಿಷ್ ದಾಖಲೆಗಳಲ್ಲಿ ಬೇಕಾದಷ್ಟಿವೆ. ಕನ್ನಡದ ‘ಉಮ್ಮತ್ತಿ’ ಅದೇ ಪಟ್ಟಿಯ ಮೊದಲ ಹೆಸರು, ಉನ್ಮತ್ತದ ತದ್ಭವ.

◆ ಜೂಜುಗಾರನ ಚಟವನ್ನು ರಂಗದ ಮೇಲೆ ತೋರಿಸಿದವರಲ್ಲಿ ಶೂದ್ರಕನನ್ನು ಮೀರಿಸುವವರಿಲ್ಲ. ಮೃಚ್ಛಕಟಿಕದ ಎರಡನೆಯ ಅಂಕದಲ್ಲಿ ಸಂವಾಹಕ ಹತ್ತು ಚಿನ್ನದ ನಾಣ್ಯ ಸೋತು ಓಡಿ, ವಿಗ್ರಹವಿಲ್ಲದ ಗುಡಿಯೊಂದನ್ನು ಹೊಕ್ಕು ತಾನೇ ವಿಗ್ರಹದಂತೆ ನಿಲ್ಲುತ್ತಾನೆ. ಹಿಂಬಾಲಿಸಿ ಬಂದ ಜೂಜುಕಟ್ಟೆಯ ಯಜಮಾನ ಮಾಥುರನಿಗೆ ಅನುಮಾನ. ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಜೊತೆಗಾರನ ಸಂಗಡ ಅಲ್ಲೇ ಕೂತು ದಾಳ ಆಡತೊಡಗುತ್ತಾನೆ. ಸದ್ದು ಕೇಳಿ ‘ವಿಗ್ರಹ’ಕ್ಕೆ ತಡೆಯಲಾಗುವುದಿಲ್ಲ, ಈಗ ನನ್ನ ಸರದಿ ಎಂದು ಆಟಕ್ಕೆ ಬರುತ್ತದೆ. ಋಗ್ವೇದದ ಕಿತವನೂ ಎದ್ದು ಹೋದದ್ದು ಇಂಥದೇ ಸದ್ದಿಗೆ.

◆ ದಂಡಿಯ ದಶಕುಮಾರಚರಿತದ ಅಪಹಾರವರ್ಮ ಜೂಜಿನ ಕಲೆಗಳು 25 ಬಗೆ ಎನ್ನುತ್ತಾನೆ. ದಾಳದಲ್ಲಿ, ಆಟದ ನೆಲದಲ್ಲಿ, ಕೈಯಲ್ಲಿ ನಡೆಯುವ, ಯಾರ ಕಣ್ಣಿಗೂ ಬೀಳದ ಕೂಟಕರ್ಮಗಳು ಬೇರೆ.

◆ ಕಿತವ ಜೂಜುಕಟ್ಟೆ ಬಿಟ್ಟು ಯಜ್ಞಶಾಲೆಗೂ ಬಂದ. ಪಾಣಿನಿಯ ಸೂತ್ರಗಳ ವ್ಯಾಖ್ಯಾನವಾದ ಕಾಶಿಕಾವೃತ್ತಿ ಬೈಗುಳದ ಸಮಾಸಗಳಿಗೆ ಉದಾಹರಣೆ ಕೊಡುವಾಗ ‘ಯಾಜ್ಞಿಕಕಿತವ’ ಎನ್ನುತ್ತದೆ, ದುಡ್ಡಿನಾಸೆಗೆ ಯಾರಿಗೆ ಬೇಕಾದರೂ ಯಜ್ಞ ಮಾಡಿಸುವವನು. ಅಲಂಕಾರಶಾಸ್ತ್ರಕ್ಕೂ ಈ ಪದ ಹೋಯಿತು. ಅಪ್ಪಯ್ಯ ದೀಕ್ಷಿತರ ಕುವಲಯಾನಂದದಲ್ಲಿ ‘ಕೈತವಾಪಹ್ನುತಿ’ ಎಂಬ ಅಲಂಕಾರವಿದೆ. ‘ನೆಪದಲ್ಲಿ’, ‘ವ್ಯಾಜದಿಂದ’ ಎಂಬಂಥ ಮಾತು ಬಳಸಿ, ಇದ್ದದ್ದನ್ನು ಮರೆಸಿ ಇನ್ನೊಂದನ್ನು ತೋರಿಸುವುದು ಅದರ ಲಕ್ಷಣ. ಇನ್ನು ಭಾಗವತ ತನ್ನ ಎರಡನೆಯ ಶ್ಲೋಕದಲ್ಲೇ, ಕೈತವವನ್ನು ಪೂರ್ತಿ ತೊರೆದ ಧರ್ಮವನ್ನು ತಾನು ಹೇಳುತ್ತೇನೆಂದು ಘೋಷಿಸುತ್ತದೆ. ಅಲ್ಲಿ ಕೈತವವೆಂದರೆ ಫಲದ ಆಸೆ ಇಟ್ಟುಕೊಂಡು ಮಾಡುವ ಧರ್ಮದ ಕಪಟ ಎಂದು ವ್ಯಾಖ್ಯಾನಕಾರರು ಅರ್ಥ ಹೇಳಿದ್ದಾರೆ. ದಾಳದ ತಗ್ಗಿನಿಂದ ಹೊರಟ ಪದ ಬಂದು ಮುಟ್ಟಿದ ಜಾಗ ನೋಡಿ!

◆ ಇಂಗ್ಲಿಷಿನಲ್ಲೂ ಇಂಥ ಒಂದು ಪದವಿದೆ: ‘ಕಾಗ್’. 16ನೇ ಶತಮಾನದ ಇಂಗ್ಲೆಂಡಿನ ಜೂಜುಕೋರರಲ್ಲಿ ಇದರ ಅರ್ಥ ದಾಳ ಎಸೆಯುವಾಗ ಕೈಚಳಕದಿಂದ ಬೇಕಾದಂತೆ ಬೀಳಿಸುವುದು. ಆಮೇಲೆ ಬರಿಯ ಮೋಸ, ಅದಾದ ಮೇಲೆ ಬೆಣ್ಣೆಮಾತಿನಿಂದ ಮರುಳು ಮಾಡುವುದು. ಷೇಕ್ಸ್‌ಪಿಯರನ ಒಥೆಲೊ ನಾಟಕದಲ್ಲಿ ಎಮಿಲಿಯಾ, ಒಡತಿಯ ಮೇಲೆ ಅಪವಾದ ಹೊರಿಸಿದವನನ್ನು ಬೈಯುವಾಗ ಈ ಪದ ಬಳಸುತ್ತಾಳೆ. ಆ ಮೋಸಗಾರ ತನ್ನ ಗಂಡನೇ ಎಂದು ಅವಳಿಗೆ ಆಗಿನ್ನೂ ಗೊತ್ತಿಲ್ಲ. ಹಲ್ಲುಚಕ್ರದ ಹಲ್ಲಿಗೂ ಇಂಗ್ಲಿಷಿನಲ್ಲಿ ಕಾಗ್ ಎಂದೇ ಹೆಸರು, ಆದರೆ ಅದು ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದ ಬೇರೆ ಪದ ಎನ್ನುತ್ತಾರೆ. ದಾಳದ ಕಾಗ್ ಎಲ್ಲಿಂದ ಬಂತೆಂಬುದು ಕಿತವದ ಮೂಲದಂತೆಯೇ ಇನ್ನೂ ಬಿಡಿಸದ ಒಗಟು. ಐರ್ಲೆಂಡಿನ ಶಾಲೆಗಳಲ್ಲಿ ಈ ಪದ ಇನ್ನೂ ಬದುಕಿದೆ, ಪಕ್ಕದವನ ಹೋಮ್‌ವರ್ಕ್ ನೋಡಿ ಬರೆದುಕೊಳ್ಳುವುದಕ್ಕೆ.

◆ ಬೇಡದ್ದನ್ನು ಯಾರದೋ ತಲೆಗೆ ಕಟ್ಟುವುದಕ್ಕೆ ಇಂಗ್ಲಿಷಿನವರು ‘ಫಾಯಿಸ್ಟ್’ ಎನ್ನುತ್ತಾರೆ. ಡಚ್ಚರ ‘ಮುಷ್ಟಿ’ ಎಂಬರ್ಥದ ಪದದಿಂದ ಬಂದದ್ದು. ಮೊದಲ ಅರ್ಥ, ಕಳ್ಳದಾಳವನ್ನು ಮುಷ್ಟಿಯಲ್ಲಿ ಬಚ್ಚಿಟ್ಟು ಸಮಯ ನೋಡಿ ಆಟಕ್ಕೆ ಸೇರಿಸುವುದು.

◆ ಕಳ್ಳದಾಳಗಳು ಮಣ್ಣಿನಡಿಯಿಂದಲೂ ಎದ್ದು ಬಂದಿವೆ. ನಾರ್ವೆಯ ಬರ್ಗೆನ್ ನಗರದ ಉತ್ಖನನದಲ್ಲಿ 2018ರಲ್ಲಿ ಸುಮಾರು 600 ವರ್ಷ ಹಳೆಯ ಮರದ ದಾಳ ಸಿಕ್ಕಿತು. ಅದರಲ್ಲಿ ಒಂದೂ ಇಲ್ಲ, ಎರಡೂ ಇಲ್ಲ. ಆ ಜಾಗದಲ್ಲಿ ನಾಲ್ಕು ಮತ್ತು ಐದು ಇನ್ನೊಮ್ಮೆ ಇವೆ! ಒಂದು ದಾಳದ ಮೂರಕ್ಕಿಂತ ಹೆಚ್ಚು ಮುಖ ಒಮ್ಮೆಗೇ ಕಾಣುವುದಿಲ್ಲ, ಎದುರಾಳಿ ಎತ್ತಿ ತಿರುಗಿಸಿ ನೋಡುವವರೆಗೆ ಗುಟ್ಟು ಒಡೆಯುವುದಿಲ್ಲ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಸಿಕ್ಕ ಮಧ್ಯಯುಗದ ಪುಟ್ಟ ಮೂಳೆ ದಾಳಗಳಲ್ಲಿ ಕೆಲವದರ ಒಳಗೆ ಪಾದರಸ ತುಂಬಿತ್ತು.

◆ ಮೋಸವಾಗದಂತೆ ರೋಮನ್ನರು ಒಂದು ಯಂತ್ರವನ್ನೇ ಮಾಡಿಕೊಂಡಿದ್ದರು: ದಾಳಗೋಪುರ. ಮೇಲಿನಿಂದ ದಾಳ ಹಾಕಿದರೆ ಒಳಗಿನ ಅಡ್ಡಹಲಗೆಗಳಿಗೆ ತಾಗುತ್ತ ಉರುಳಿ ಕೆಳಗಿನ ಮೆಟ್ಟಿಲಿನಿಂದ ಹೊರಬರುತ್ತದೆ, ಕೈಚಳಕಕ್ಕೆ ಎಡೆಯಿಲ್ಲ. ಜರ್ಮನಿಯ ಫ್ರೊಯ್ಟ್ಸ್‌ಹೈಮ್ ಬಳಿ 1985ರಲ್ಲಿ 4ನೇ ಶತಮಾನದ ಕಂಚಿನ ಗೋಪುರವೊಂದು ಸಿಕ್ಕಿದೆ. ದಾಳ ಹೊರಬರುವಾಗ ಗಂಟೆ ಬಾರಿಸುವ ಏರ್ಪಾಟೂ ಅದರಲ್ಲಿತ್ತು. ಶತ್ರುಗಳು ನಾಶವಾದರು, ನಿಶ್ಚಿಂತೆಯಿಂದ ಆಡಿ ಎಂಬರ್ಥದ ಬರಹ ಅದರ ಮೈಮೇಲಿದೆ. ಚಕ್ರವರ್ತಿ ಕ್ಲಾಡಿಯಸ್‌ಗೆ ದಾಳದ ಹುಚ್ಚು ಎಷ್ಟಿತ್ತೆಂದರೆ ಅದರ ಮೇಲೊಂದು ಪುಸ್ತಕ ಬರೆದು, ಗಾಡಿಯಲ್ಲಿ ಹೋಗುವಾಗಲೂ ಆಡಲು ಹಲಗೆ ಕೂರಿಸಿಕೊಂಡಿದ್ದನಂತೆ. ಇಂದಿನ ಕ್ಯಾಸಿನೊಗಳ ದಾಳ ಪಾರದರ್ಶಕವಾಗಿರುವುದೂ ಇದೇ ಭಯದಿಂದ: ಒಳಗೆ ಏನನ್ನೂ ತುಂಬಿಲ್ಲ ಎಂದು ಎದುರಿಗಿದ್ದವನಿಗೆ ಕಾಣಬೇಕು.

◆ ನಮ್ಮ ಚೌಕಾಬಾರಕ್ಕೆ ಪಾಣಿನಿಯ ಕಾಲದ ದೂರದ ನೆಂಟನೊಬ್ಬನಿದ್ದಾನೆ. ‘ಪಂಚಿಕಾ’ ಎಂಬ ಆಟದ ವಿವರ ಕಾಶಿಕೆಯಲ್ಲಿದೆ. ಐದು ದಾಳ ಅಥವಾ ಐದು ಕಡ್ಡಿ ಎಸೆಯುವುದು. ಐದೂ ಅಂಗಾತ ಬಿದ್ದರೆ ಇಲ್ಲವೇ ಐದೂ ಬೋರಲು ಬಿದ್ದರೆ ಎಸೆದವನಿಗೆ ಗೆಲುವು, ಒಂದು ತಪ್ಪಿದರೂ ಸೋಲು. ಒಂದರಿಂದ ಸೋತದ್ದಕ್ಕೆ ‘ಏಕಪರಿ’ ಎನ್ನುತ್ತಿದ್ದರು. ಚೌಕಾಬಾರದಲ್ಲಿ ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂಟು. ಎರಡಕ್ಕೂ ಮತ್ತೊಂದು ಆಟ ಸಿಗುತ್ತದೆ. ಕವಡೆ ಇಲ್ಲದ ಮನೆಗಳಲ್ಲಿ ಹುಣಸೆಬೀಜವನ್ನು ಕಲ್ಲಿಗೆ ತೇಯ್ದು ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಳ್ಳುತ್ತಾರೆ. ಎಷ್ಟು ತೇಯ್ದಿದ್ದೀರಿ ಎಂಬುದರ ಮೇಲೆ ಬೀಜ ಬೀಳುವ ಬಗೆಯೇ ಬದಲಾಗುತ್ತದೆ. ಬೀಜ ತೇಯ್ದವರು ಯಾರೆಂದು ಆಟಕ್ಕೆ ಮೊದಲು ಕೇಳುವ ಅಜ್ಜಿಯರು ಸುಮ್ಮನೆ ಕೇಳುತ್ತಿರಲಿಲ್ಲ.

◆ ‘ಜೂಜು’ ಬಂದದ್ದು ಸಂಸ್ಕೃತದ ದ್ಯೂತದಿಂದ. ಹಳಗನ್ನಡದಲ್ಲಿ ದಾಳದಾಟಕ್ಕೆ ‘ನೆತ್ತ’ ಎನ್ನುತ್ತಿದ್ದರು, ‘ಲೆತ್ತ’ ಎಂಬ ರೂಪವೂ ಉಂಟು. ಕನ್ನಡ ಸಾಹಿತ್ಯದ ಅತಿ ಪ್ರಸಿದ್ಧ ನೆತ್ತದಾಟ ಶಕುನಿಯದಲ್ಲ, ದುರ್ಯೋಧನನ ಹೆಂಡತಿ ಭಾನುಮತಿಯದು. ಕ್ರಿ.ಶ. 941ರ ಸುಮಾರಿಗೆ ಪಂಪ ಬರೆದ ವಿಕ್ರಮಾರ್ಜುನ ವಿಜಯದಲ್ಲಿ, ಪಾಂಡವರ ಕಡೆಗೆ ಬಾ ಎಂದು ಕರೆದ ಕೃಷ್ಣನಿಗೆ ಕರ್ಣ ಇದನ್ನು ನೆನಪಿಸುತ್ತಾನೆ. ಕರ್ಣನೊಡನೆ ಆಡಿದ ಆಟದಲ್ಲಿ ಭಾನುಮತಿ ಸೋತಳು, ಸೋತ ಪಣ ಕೊಡೆಂದು ಅವನು ಕಾಡುವಾಗ ಅವಳ ಮುತ್ತಿನ ಹಾರ ಹರಿಯಿತು. ದುರ್ಯೋಧನ ಬಂದು ನೋಡಿದ. ಅವನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ, ಮುತ್ತುಗಳನ್ನು ಆಯ್ದುಕೊಡಲೇ ಎಂದು. ಅಂಥವನನ್ನು ಬಿಟ್ಟು ಬರುವುದು ಹೇಗೆ ಎಂಬುದು ಕರ್ಣನ ಉತ್ತರ. ವ್ಯಾಸಭಾರತದಲ್ಲಿ ಈ ಪ್ರಸಂಗ ಕಾಣುವುದಿಲ್ಲ. ಪಂಪನಾದ ಎಷ್ಟೋ ಕಾಲದ ಮೇಲೆ ತಮಿಳಿನ ವಿಲ್ಲಿಪುತ್ತೂರರ ಭಾರತದಲ್ಲೂ ಇದು ಬರುತ್ತದೆ, ಅಲ್ಲಿ ಹರಿಯುವುದು ಸೊಂಟದ ಮೇಖಲೆ, ದುರ್ಯೋಧನ ಕೇಳುವುದು ‘ಆಯ್ದುಕೊಡಲೋ, ಪೋಣಿಸಿಕೊಡಲೋ’ ಎಂದು.